ಪೂರ್ವಪಕ್ಷದಿಂದ ಸಿದ್ಧಾಂತಕ್ಕೆ: ಬುದ್ಧಧರ್ಮದ ಮೂಲತತ್ತ್ವಗಳನ್ನು ಕುರಿತು

1. ವಿಷಯ ಪ್ರವೇಶ

ಹಳಗನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡುವವರಿಗೆ ಬೌದ್ಧನು ಎದುರಾಗುವುದು ಬಹುಮಟ್ಟಿಗೆ ವಾದದಲ್ಲಿ ಸೋತವನ ರೂಪದಲ್ಲಿ. ಅವನು ಕ್ಷಣಿಕವಾದಿ, ಶೂನ್ಯವಾದಿ, ಆತ್ಮವೇ ಇಲ್ಲವೆನ್ನುವ ನೈರಾತ್ಮ್ಯವಾದಿ. ಅವನ ಮತವನ್ನು ಒಂದೆರಡು ಮಾತಿನಲ್ಲಿ ಹೇಳಿ, ಅದರ ದೋಷಗಳನ್ನು ವಿಸ್ತಾರವಾಗಿ ತೋರಿಸಿ ಕವಿ ಮುಂದೆ ಸಾಗುತ್ತಾನೆ. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಬೌದ್ಧಮತವು ಪೂರ್ವಪಕ್ಷವಾಗಿ ಉಳಿದಿದೆಯೇ ಹೊರತು ಸಿದ್ಧಾಂತವಾಗಿ ಉಳಿದಿಲ್ಲ.

ಪೂರ್ವಪಕ್ಷವೆಂದರೆ ಸುಳ್ಳು ಹೇಳಿಕೆ ಎಂದರ್ಥವಲ್ಲ. ಎದುರಾಳಿಯ ಮತದಲ್ಲಿ ಖಂಡನೆಗೆ ಒದಗುವ ಅಂಶವನ್ನು ಆರಿಸಿ ಮುಂದಿಡುವುದು ಅದರ ಸ್ವಭಾವ. ಖಂಡನೆಗೆ ಬೇಕಿಲ್ಲದ ಅಂಶ, ಅದು ಆ ಮತದ ಜೀವಾಳವೇ ಆಗಿದ್ದರೂ, ಹೊರಗೆ ಉಳಿಯುತ್ತದೆ. ಈ ವ್ಯತ್ಯಾಸವನ್ನು ಮರೆತು ಪೂರ್ವಪಕ್ಷವನ್ನೇ ಮತದ ವಿವರಣೆ ಎಂದು ಉದ್ಧರಿಸುವ ಪದ್ಧತಿ ನಮ್ಮ ಸಂಶೋಧನೆಯಲ್ಲಿ ಬೆಳೆದುಬಂದಿದೆ. ಪ್ರಸ್ತುತ ಲೇಖಕನೂ ತನ್ನ ಡಾಕ್ಟರೇಟ್ ಪ್ರಬಂಧವನ್ನು ಬರೆಯುವ ಕಾಲದಲ್ಲಿ ಈ ತಪ್ಪಿಗೆ ಹೊರತಾಗಿರಲಿಲ್ಲ. ಕರ್ನಾಟಕದ ಹೊರಗಿದ್ದುಕೊಂಡು, ಅನುವಾದಗಳ ಮತ್ತು ಸಂಗ್ರಹಗಳ ಮೂಲಕ ಕನ್ನಡ ಕೃತಿಗಳನ್ನು ಬಳಸುವ ವಿದ್ವಾಂಸರಿಗೆ ಈ ತೊಡಕು ಇನ್ನೂ ಹೆಚ್ಚು. ಆದ್ದರಿಂದ ಬುದ್ಧಧರ್ಮದ ಮೂಲತತ್ತ್ವಗಳನ್ನು ಅದರ ಕಡೆಯಿಂದಲೇ ಸಂಗ್ರಹವಾಗಿ ನಿರೂಪಿಸಿ, ಕನ್ನಡ ಪೂರ್ವಪಕ್ಷದಲ್ಲಿ ಬಿಟ್ಟುಹೋದದ್ದು ಏನೆಂಬುದನ್ನು ತೋರಿಸುವುದು ಇಲ್ಲಿಯ ಉದ್ದೇಶ. ಇದಕ್ಕೆ ಚೆನ್ನೈ ಮತ್ತು ಅದರ ನೆರೆಯಲ್ಲಿ ದೊರೆಯುವ ಸಾಮಗ್ರಿಯನ್ನು ವಿಶೇಷವಾಗಿ ಬಳಸಿಕೊಳ್ಳಲಾಗಿದೆ.

2. ಶಾಸನಗಳ ಮಾತು, ಕಾವ್ಯಗಳ ಮೌನ

ಕನ್ನಡ ನಾಡಿನಲ್ಲಿ ಬೌದ್ಧರು ಇರಲಿಲ್ಲವೆಂದು ಯಾರೂ ಹೇಳಲಾರರು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರದ ಅಶೋಕನ ಶಾಸನಗಳು, 1915ರಲ್ಲಿ ದೊರೆತು ಅಶೋಕನ ಹೆಸರನ್ನೇ ಹೇಳಿದ ಮಸ್ಕಿಯ ಶಾಸನ, ಸನ್ನತಿ ಮತ್ತು ಕನಗನಹಳ್ಳಿಯ ಸ್ತೂಪಾವಶೇಷಗಳು ಇದರ ಆರಂಭವನ್ನು ಸಾರುತ್ತವೆ. ಮಂಗಳೂರಿನ ಕದ್ರಿಯ ಲೋಕೇಶ್ವರ ವಿಗ್ರಹವನ್ನು ಆಳುಪ ಅರಸು ಕುಂದವರ್ಮನು ಕ್ರಿ.ಶ. 968ರಲ್ಲಿ ಸ್ಥಾಪಿಸಿದನು. ಬಳ್ಳಿಗಾವೆಯಲ್ಲಿ 1065ರಲ್ಲಿ ಬೌದ್ಧವಿಹಾರವೊಂದು ನಿರ್ಮಾಣವಾಯಿತು. ಡಂಬಳದ 1095ರ ಶಾಸನವು ಅಲ್ಲಿನ ವಿಹಾರವನ್ನೂ ತಾರಾದೇವಿಯನ್ನೂ ಸೆಟ್ಟಿಗಳ ದಾನವನ್ನೂ ಉಲ್ಲೇಖಿಸುತ್ತದೆ. ಅಂದರೆ ರನ್ನನ ತರುವಾಯದ ಶತಮಾನದಲ್ಲಿಯೂ, ನಯಸೇನನು ‘ಧರ್ಮಾಮೃತ’ವನ್ನು ರಚಿಸುವುದಕ್ಕೆ ಕೆಲವೇ ವರ್ಷಗಳ ಹಿಂದೆಯೂ ಬೌದ್ಧ ವಿಹಾರಗಳಲ್ಲಿ ಪೂಜೆ, ಪಾಠಗಳು ನಡೆಯುತ್ತಿದ್ದವು.

ಆದರೆ ಬೌದ್ಧನೊಬ್ಬನು ರಚಿಸಿದ ಪ್ರಾಚೀನ ಕನ್ನಡ ಕಾವ್ಯ ಒಂದೂ ನಮಗೆ ಉಳಿದುಬಂದಿಲ್ಲ. ಉಳಿದಿರುವುದು ಅವರ ಎದುರಾಳಿಗಳ ಮಾತು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯು (1129) ಅಕಲಂಕನು ಹಿಮಶೀತಲನೆಂಬ ಅರಸನ ಸಭೆಯಲ್ಲಿ ಬೌದ್ಧರನ್ನು ಜಯಿಸಿದ ಪ್ರಸಂಗವನ್ನು ಸ್ಮರಿಸುತ್ತದೆ. ಈ ಹಿಮಶೀತಲನನ್ನು ಕಂಚಿಯ ಅರಸನೆಂದು ಜೈನ ಐತಿಹ್ಯವು ಹೇಳುತ್ತ ಬಂದಿದೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯು ಅನ್ಯಮತಗಳನ್ನು ಒಂದೊಂದಾಗಿ ಪರೀಕ್ಷಿಸಿ ನಿರಾಕರಿಸುವ ಸಲುವಾಗಿಯೇ ರಚಿತವಾದ ಕೃತಿ.

ನೆರೆಯ ತಮಿಳಿನ ಸ್ಥಿತಿ ಇದಕ್ಕಿಂತ ಭಿನ್ನವಾಗಿದೆ. ಸಾತ್ತನಾರ್ ಕವಿಯ ‘ಮಣಿಮೇಖಲೈ’ ಪೂರ್ಣವಾಗಿ ಉಳಿದಿದೆ. ಅದರಲ್ಲಿ ನಾಯಿಕೆಯು ವಂಜಿ ನಗರದಲ್ಲಿ ನಾನಾ ದರ್ಶನಗಳ ಆಚಾರ್ಯರ ಮತಗಳನ್ನು ಕೇಳಿ, ಕೊನೆಗೆ ಕಂಚಿಯಲ್ಲಿ ಅರವಣ ಅಡಿಗಳ್ ಎಂಬ ಗುರುವಿನಿಂದ ಧರ್ಮವನ್ನು ಅರಿಯುತ್ತಾಳೆ. ಕನ್ನಡದಲ್ಲಿ ಪೂರ್ವಪಕ್ಷವಾದದ್ದು ಇಲ್ಲಿ ಸಿದ್ಧಾಂತದ ಪೀಠದಲ್ಲಿದೆ. ಹಾಗೆಂದು ತಮಿಳಿನಲ್ಲಿಯೂ ಎಲ್ಲವೂ ಉಳಿಯಿತೆಂದು ಭಾವಿಸಬಾರದು. ‘ಕುಂಡಲಕೇಶಿ’ ಎಂಬ ಬೌದ್ಧ ಕಾವ್ಯವು ಕಳೆದುಹೋಗಿದೆ. ಅದರ ವಿಷಯವು ಬಹುಮಟ್ಟಿಗೆ ತಿಳಿದುಬರುವುದು ಅದನ್ನು ಖಂಡಿಸಲು ಹುಟ್ಟಿದ ಜೈನ ಕೃತಿ ‘ನೀಲಕೇಶಿ’ಯಿಂದ. ಕನ್ನಡಕ್ಕೆ ಸಂಪೂರ್ಣವಾಗಿ ಒದಗಿದ ಗತಿ ತಮಿಳಿಗೆ ಭಾಗಶಃ ಒದಗಿತು.

3. ನಾಲ್ಕು ಆರ್ಯಸತ್ಯಗಳು

ಬುದ್ಧನ ಬೋಧೆಯು ಲೋಕದ ಉತ್ಪತ್ತಿಯಿಂದಲಾಗಲಿ ಈಶ್ವರನ ಸ್ವರೂಪದಿಂದಲಾಗಲಿ ಆರಂಭವಾಗುವುದಿಲ್ಲ. ಅದು ಎಲ್ಲರ ಅನುಭವಕ್ಕೂ ಬರುವ ದುಃಖದಿಂದ ಆರಂಭವಾಗುತ್ತದೆ. ಸಾರನಾಥದ ಪ್ರಥಮೋಪದೇಶದಲ್ಲಿ ನಿರೂಪಿತವಾದ ನಾಲ್ಕು ಸತ್ಯಗಳು ಇವು: ದುಃಖ, ದುಃಖದ ಉದಯ, ದುಃಖದ ನಿರೋಧ, ನಿರೋಧಕ್ಕೆ ಒಯ್ಯುವ ಮಾರ್ಗ. ರೋಗ, ರೋಗದ ಕಾರಣ, ಆರೋಗ್ಯ, ಔಷಧ ಎಂಬ ವೈದ್ಯಶಾಸ್ತ್ರದ ಕ್ರಮಕ್ಕೆ ಇವನ್ನು ಹೋಲಿಸುವುದುಂಟು.

ಇಲ್ಲಿ ದುಃಖವೆಂಬ ಪದವನ್ನು ಅಳು, ಸಂಕಟ ಎಂಬ ಅರ್ಥಕ್ಕಷ್ಟೇ ಸೀಮಿತಗೊಳಿಸಬಾರದು. ಹುಟ್ಟು, ಮುಪ್ಪು, ರೋಗ, ಸಾವುಗಳಂತೆಯೇ ಪ್ರಿಯರ ಅಗಲಿಕೆ, ಅಪ್ರಿಯರ ಸಂಗ, ಬಯಸಿದ್ದು ದೊರೆಯದಿರುವಿಕೆ ಕೂಡ ದುಃಖವೇ. ಸುಖವೂ ನಿಲ್ಲುವಂಥದಲ್ಲವಾದ್ದರಿಂದ ಅದನ್ನು ಹಿಡಿದಿಡುವ ಪ್ರಯತ್ನವು ದುಃಖದಲ್ಲಿ ಪರ್ಯವಸಾನಗೊಳ್ಳುತ್ತದೆ. ಇದಕ್ಕೆ ಕಾರಣ ತೃಷ್ಣೆ: ಇಂದ್ರಿಯಸುಖದ ತೃಷ್ಣೆ, ಇರಬೇಕೆಂಬ ತೃಷ್ಣೆ, ಇಲ್ಲವಾಗಬೇಕೆಂಬ ತೃಷ್ಣೆ. ಮೂರನೆಯದು ಗಮನಾರ್ಹ. ವಿನಾಶದ ಬಯಕೆಯನ್ನೂ ಬುದ್ಧನು ಬಂಧನವೆಂದೇ ಎಣಿಸಿರುವುದರಿಂದ, ಬೌದ್ಧರ ಗುರಿ ಸರ್ವನಾಶವೆಂಬ ಆಕ್ಷೇಪವು ನಿಲ್ಲಲಾರದು. ನಿರ್ವಾಣವೆಂದರೆ ಆರುವುದು. ಆರುವುದು ರಾಗ, ದ್ವೇಷ, ಮೋಹಗಳೆಂಬ ಬೆಂಕಿ.

ಮಾರ್ಗವು ಎಂಟು ಅಂಗಗಳಿಂದ ಕೂಡಿದೆ: ಸಮ್ಯಕ್ ದೃಷ್ಟಿ, ಸಂಕಲ್ಪ, ವಾಕ್, ಕರ್ಮಾಂತ, ಆಜೀವ, ವ್ಯಾಯಾಮ, ಸ್ಮೃತಿ, ಸಮಾಧಿ. ಇವನ್ನು ಪ್ರಜ್ಞೆ, ಶೀಲ, ಸಮಾಧಿ ಎಂದು ಮೂರಾಗಿ ವಿಂಗಡಿಸುವುದು ವಾಡಿಕೆ. ಸರಿಯಾದ ಜೀವನೋಪಾಯವು ಮೋಕ್ಷಮಾರ್ಗದ ಒಂದು ಅಂಗವೆನಿಸಿರುವುದನ್ನು ಗಮನಿಸಬೇಕು. ಮನುಷ್ಯನು ಯಾವ ಕುಲದಲ್ಲಿ ಹುಟ್ಟಿದನೆಂಬುದು ಈ ಎಂಟರಲ್ಲಿ ಎಲ್ಲಿಯೂ ಬರುವುದಿಲ್ಲ. ಹೇಗೆ ಬದುಕುತ್ತಾನೆಂಬುದು ಬರುತ್ತದೆ. ಗೃಹಸ್ಥನಿಗೆ ಪಂಚಶೀಲ ವಿಹಿತವಾಗಿದೆ: ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚರಿಸದಿರುವುದು, ಸುಳ್ಳಾಡದಿರುವುದು, ಮತ್ತೇರಿಸುವ ಪದಾರ್ಥವನ್ನು ಸೇವಿಸದಿರುವುದು. ಬುದ್ಧ, ಧರ್ಮ, ಸಂಘ ಎಂಬ ತ್ರಿರತ್ನಗಳಿಗೆ ಶರಣುಹೋಗಿ ಈ ಶೀಲಗಳನ್ನು ಸ್ವೀಕರಿಸಿದವನು ಉಪಾಸಕನಾಗುತ್ತಾನೆ.

4. ಅನಿತ್ಯ, ಅನಾತ್ಮ, ಪ್ರತೀತ್ಯಸಮುತ್ಪಾದ

ಕನ್ನಡ ಪೂರ್ವಪಕ್ಷವು ಹಿಡಿದಿರುವುದು ತತ್ತ್ವದ ಈ ಭಾಗವನ್ನು. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

ಸಂಸ್ಕಾರಗಳಿಂದ ಕೂಡಿದುದೆಲ್ಲ ಅನಿತ್ಯ, ದುಃಖಕರ, ಅನಾತ್ಮ ಎಂಬುದು ಬುದ್ಧನ ಬೋಧೆಯ ತಿರುಳು. ನಾವು ‘ನಾನು’ ಎನ್ನುವುದು ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳ ಕೂಟ. ‘ಮಿಲಿಂದಪ್ರಶ್ನೆ’ಯಲ್ಲಿ ನಾಗಸೇನನು ರಥದ ದೃಷ್ಟಾಂತವನ್ನು ಕೊಡುತ್ತಾನೆ. ಗಾಲಿಯೂ ರಥವಲ್ಲ, ಅಚ್ಚೂ ರಥವಲ್ಲ, ನೊಗವೂ ರಥವಲ್ಲ. ಆದರೆ ಇವೆಲ್ಲವೂ ಸೇರಿದಾಗ ರಥವೆಂಬ ವ್ಯವಹಾರ ನಡೆಯುತ್ತದೆ. ಇಲ್ಲಿ ವ್ಯಕ್ತಿಯ ನಿರಾಕರಣೆಯಿಲ್ಲ. ನಿರಾಕರಣೆಯಾಗಿರುವುದು ವ್ಯಕ್ತಿಯೊಳಗೆ ಬದಲಾಗದೆ ಕುಳಿತಿರುವ ಒಡೆಯನೊಬ್ಬನಿದ್ದಾನೆಂಬ ನಂಬಿಕೆ.

ಈ ಕೂಟವು ನಡೆಯುವ ನಿಯಮವೇ ಪ್ರತೀತ್ಯಸಮುತ್ಪಾದ. ಇದಿದ್ದರೆ ಅದು ಉಂಟು, ಇದಿಲ್ಲವಾದರೆ ಅದಿಲ್ಲ ಎಂಬುದು ಅದರ ಸಾರ. ಅವಿದ್ಯೆ, ಸಂಸ್ಕಾರ, ವಿಜ್ಞಾನ, ನಾಮರೂಪ, ಷಡಾಯತನ, ಸ್ಪರ್ಶ, ವೇದನೆ, ತೃಷ್ಣೆ, ಉಪಾದಾನ, ಭವ, ಜಾತಿ, ಜರಾಮರಣ ಎಂಬ ಹನ್ನೆರಡು ನಿದಾನಗಳು ಒಂದರಿಂದೊಂದು ಉಂಟಾಗುತ್ತವೆ. ‘ಮಣಿಮೇಖಲೈ’ಯ ಕೊನೆಯ ಭಾಗದಲ್ಲಿ ಗುರುವು ಉಪದೇಶಿಸುವುದು ಈ ನಿದಾನಗಳನ್ನೇ. ವೇದನೆಯಿಂದ ತೃಷ್ಣೆ ಹುಟ್ಟುವ ಸಂಧಿಯಲ್ಲಿ ಸ್ಮೃತಿಯಿಂದಿರುವವನು ಈ ಸರಪಳಿಯನ್ನು ಕಡಿಯಬಲ್ಲನು. ಕಾರಣವಿರುವುದರಿಂದಲೇ ದುಃಖಕ್ಕೆ ನಿವಾರಣೆಯೂ ಸಾಧ್ಯ. ಬೌದ್ಧಧರ್ಮವನ್ನು ನಿರಾಶಾವಾದವೆನ್ನುವವರು ಈ ಅಂಶವನ್ನು ಕಾಣುವುದಿಲ್ಲ.

ಇದರ ಮೇಲೆ ಜೈನ ತಾರ್ಕಿಕರು ಎತ್ತಿದ ಆಕ್ಷೇಪ ಬಲವಾದದ್ದು. ಎಲ್ಲವೂ ಕ್ಷಣಿಕವಾದರೆ ಕರ್ಮ ಮಾಡಿದವನು ಬೇರೆ, ಫಲವನ್ನು ಉಣ್ಣುವವನು ಬೇರೆ ಆಗುತ್ತಾನೆ. ಮಾಡಿದ್ದು ನಷ್ಟವಾಗಿ, ಮಾಡದಿದ್ದುದು ಬಂದು ಮೇಲೆ ಬೀಳುತ್ತದೆ. ಕೃತನಾಶ, ಅಕೃತಾಭ್ಯಾಗಮ ಎಂಬ ಈ ದೋಷಗಳ ಮುಂದೆ ಪಾಪಪುಣ್ಯಗಳ ವ್ಯವಸ್ಥೆಯೇ ನಿಲ್ಲುವುದಿಲ್ಲ. ಈ ಆಕ್ಷೇಪವನ್ನು ಓದಿದವರು, ಬೌದ್ಧರು ಇದಕ್ಕೆ ಉತ್ತರವನ್ನೇ ಕೊಟ್ಟಿರಲಾರರೆಂದು ಭಾವಿಸುವುದು ಸಹಜ. ಉತ್ತರವು ‘ಮಿಲಿಂದಪ್ರಶ್ನೆ’ಯಲ್ಲಿಯೇ ಇದೆ. ಮಾವಿನ ಹಣ್ಣನ್ನು ಕದ್ದವನು, ತೋಟದವನು ನೆಟ್ಟದ್ದು ಬೇರೆ ಮಾವು, ತಾನು ಕಿತ್ತದ್ದು ಬೇರೆ ಮಾವು ಎಂದು ವಾದಿಸಿದರೆ ಬಿಡುಗಡೆ ಹೊಂದುವನೇ? ಇಲ್ಲ, ಏಕೆಂದರೆ ನೆಟ್ಟ ಬೀಜದಿಂದಲೇ ಕಿತ್ತ ಹಣ್ಣು ಬಂದಿದೆ. ಇರುಳೆಲ್ಲ ಉರಿದ ದೀಪದ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಇದನ್ನೇ ಸಂತಾನವೆನ್ನುತ್ತಾರೆ. ಹೊಣೆಯನ್ನು ಹೊರಲು ಬದಲಾಗದ ಆತ್ಮವೇ ಬೇಕೆಂದಿಲ್ಲ, ಕಾರಣಕಾರ್ಯಗಳ ಅವಿಚ್ಛಿನ್ನ ಸಂಬಂಧವಿದ್ದರೆ ಸಾಕು ಎಂಬುದು ಬೌದ್ಧರ ಪಕ್ಷ. ಈ ಉತ್ತರವನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಅದು ಇತ್ತೆಂಬುದನ್ನು ಮರೆಮಾಚುವುದು ಸಂಶೋಧನೆಗೆ ತಕ್ಕುದಲ್ಲ.

ಇಲ್ಲಿ ಕಾಲಭೇದವನ್ನೂ ಗಮನಿಸುವುದು ಅವಶ್ಯ. ಸೂತ್ರಗಳಲ್ಲಿ ಬರುವ ಅನಿತ್ಯವು ಮುಪ್ಪು, ಸಾವು, ಬದಲಾವಣೆಗಳ ಅನುಭವವನ್ನು ಹೇಳುತ್ತದೆ. ಪ್ರತಿಯೊಂದು ವಸ್ತುವೂ ಕ್ಷಣಮಾತ್ರ ಇರುವುದೆಂಬ ಕ್ಷಣಭಂಗವಾದವು ಅನಂತರದ ಅಭಿಧರ್ಮಾಚಾರ್ಯರು ಮತ್ತು ತಾರ್ಕಿಕರು ಬೆಳೆಸಿದ್ದು. ಅಕಲಂಕನು ಎದುರಿಸಿದ್ದು ಮುಖ್ಯವಾಗಿ ಧರ್ಮಕೀರ್ತಿಯ ತರ್ಕವನ್ನು. ಕನ್ನಡ ಕವಿಗಳಿಗೆ ತಲುಪಿದ್ದು ಈ ವಿದ್ವತ್ಸಭೆಯ ಪ್ರತಿಧ್ವನಿಯೇ ಹೊರತು ವಿಹಾರದಲ್ಲಿ ಉಪಾಸಕರಿಗೆ ಹೇಳುತ್ತಿದ್ದ ಧರ್ಮವಲ್ಲ. ಶೂನ್ಯವೆಂಬ ಪದದ ಗತಿಯೂ ಹಾಗೆಯೇ. ನಾಗಾರ್ಜುನನು ‘ಮೂಲಮಧ್ಯಮಕಕಾರಿಕೆ’ಯ 24ನೆಯ ಪ್ರಕರಣದಲ್ಲಿ ಪ್ರತೀತ್ಯಸಮುತ್ಪಾದವನ್ನೇ ಶೂನ್ಯತೆಯೆಂದು ಕರೆದಿದ್ದಾನೆ. ಶೂನ್ಯವೆಂದರೆ ಏನೂ ಇಲ್ಲವೆಂದಲ್ಲ, ಯಾವುದೂ ತನ್ನಷ್ಟಕ್ಕೆ ತಾನೇ ಇಲ್ಲವೆಂದು ತಾತ್ಪರ್ಯ.

5. ಶಿಲೆಯಲ್ಲಿ ಕಾಣುವ ಧರ್ಮ

ವಿಹಾರದ ಧರ್ಮವು ಹೇಗಿತ್ತೆಂಬುದನ್ನು ಕಾಣಬಯಸುವವರು ಎಗ್ಮೋರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಆಂಧ್ರದ ಅಮರಾವತಿಯ ಸ್ತೂಪವನ್ನು 1797ರಲ್ಲಿ ಕಾಲಿನ್ ಮೆಕೆಂಜಿ ಗಮನಿಸಿದರು. 1845ರಲ್ಲಿ ವಾಲ್ಟರ್ ಎಲಿಯಟ್ ಅಲ್ಲಿ ಉತ್ಖನನ ನಡೆಸಿ ಅನೇಕ ಶಿಲ್ಪಗಳನ್ನು ಮದರಾಸಿಗೆ ಸಾಗಿಸಿದರು. ಅವುಗಳಲ್ಲಿ ಒಂದು ಭಾಗ ಲಂಡನ್ನಿಗೆ ಹೋಯಿತು. ಇಲ್ಲಿ ಉಳಿದವುಗಳಿಗೆ ಮುಂದಿನ ಉತ್ಖನನಗಳಲ್ಲಿ ದೊರೆತವು ಸೇರಿದವು. ಕನ್ನಡ ಸಂಶೋಧಕರಿಗೆ ಮೆಕೆಂಜಿ ಅಪರಿಚಿತರಲ್ಲ. ಅವರು ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳಿಗಾಗಿ ನಾವು ಇದೇ ನಗರದ ಪ್ರಾಚ್ಯ ಹಸ್ತಪ್ರತಿ ಭಂಡಾರಕ್ಕೆ ಬರುತ್ತೇವೆ. ಆದರೆ ಅಲ್ಲಿಂದ ಎಗ್ಮೋರಿನ ತನಕ ಹೋಗುವವರು ವಿರಳ.

ಅಮರಾವತಿಯ ಆರಂಭಕಾಲದ ಶಿಲ್ಪಗಳಲ್ಲಿ ಬುದ್ಧನಿರಬೇಕಾದ ಎಡೆಯಲ್ಲಿ ಬರಿದಾದ ಆಸನ, ಬೋಧಿವೃಕ್ಷ, ಧರ್ಮಚಕ್ರ ಅಥವಾ ಪಾದದ ಗುರುತುಗಳಿವೆ. ಸುತ್ತಲೂ ಜನ ಕೈಮುಗಿದು ನಿಂತಿದ್ದಾರೆ. ಮದವೇರಿದ ನಾಳಾಗಿರಿ ಆನೆಯನ್ನು ಬುದ್ಧನು ಶಾಂತಗೊಳಿಸಿದ ಪ್ರಸಂಗದ ವೃತ್ತಫಲಕವು ಪ್ರಸಿದ್ಧವಾದದ್ದು. ಒಂದು ಕಡೆ ಆನೆಯು ಬೀದಿಯಲ್ಲಿ ಜನರನ್ನು ತುಳಿಯುತ್ತಿದೆ, ಇನ್ನೊಂದು ಕಡೆ ಅದೇ ಆನೆ ಮಂಡಿಯೂರಿದೆ. ಮೈತ್ರಿಯೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯ ಬೇಕಿಲ್ಲ. ಇದೇ ಸಂಗ್ರಹಾಲಯದಲ್ಲಿರುವ ನಾಗಪಟ್ಟಣದ ಬೌದ್ಧ ಕಂಚಿನ ವಿಗ್ರಹಗಳು, ರಾಜರಾಜ ಚೋಳನ ಕಾಲದಲ್ಲಿ ಶ್ರೀವಿಜಯದ ಅರಸನು ಕಟ್ಟಿಸಿದ ಚೂಡಾಮಣಿ ವಿಹಾರದ ಪರಂಪರೆಯನ್ನು ನೆನಪಿಗೆ ತರುತ್ತವೆ. ಬಳ್ಳಿಗಾವೆ, ಡಂಬಳಗಳ ವಿಹಾರಗಳು ಏಕಾಂಗಿಗಳಾಗಿರಲಿಲ್ಲ. ಅವು ಸಮುದ್ರದಾಚೆಗೂ ಹಬ್ಬಿದ್ದ ಒಂದು ಲೋಕದ ಸಮಕಾಲೀನ ನೆಲೆಗಳಾಗಿದ್ದವು.

6. ಮದರಾಸಿನಲ್ಲಿ ಮರಳಿ ಕೇಳಿಬಂದ ಸಿದ್ಧಾಂತ

1898ನೆಯ ವರ್ಷವು ಎರಡು ಕಾರಣಗಳಿಂದ ಮಹತ್ವದ್ದು. ಆ ವರ್ಷ ಉ. ವೇ. ಸ್ವಾಮಿನಾಥ ಅಯ್ಯರ್ ಅವರು ‘ಮಣಿಮೇಖಲೈ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಅದೇ ವರ್ಷ ಸಿದ್ಧವೈದ್ಯರೂ ತಮಿಳು ವಿದ್ವಾಂಸರೂ ಆದ ಪಂಡಿತ ಅಯೋತ್ತಿದಾಸರು ಕರ್ನಲ್ ಆಲ್ಕಾಟ್ ಅವರ ನೆರವಿನಿಂದ ಸಿಂಹಳಕ್ಕೆ ಹೋಗಿ, ಸುಮಂಗಲ ನಾಯಕ ಥೇರರಿಂದ ಪಂಚಶೀಲವನ್ನು ಸ್ವೀಕರಿಸಿದರು. ಮರಳಿ ಬಂದು ಮದರಾಸಿನ ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘವನ್ನು ನಡೆಸಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಅಸ್ಪೃಶ್ಯರೆನಿಸಿದವರು ಪೂರ್ವದಲ್ಲಿ ಬೌದ್ಧರಾಗಿದ್ದರೆಂಬ ಅವರ ಪ್ರತಿಪಾದನೆಯನ್ನು ಇತಿಹಾಸಕಾರರು ಚರ್ಚಿಸಬಹುದು. ಆದರೆ ಧರ್ಮವನ್ನು ಅವರು ಪೂರ್ವಪಕ್ಷದಿಂದ ಅರಿಯಲಿಲ್ಲವೆಂಬುದು ನಿರ್ವಿವಾದ.

ಅದೇ 1907ರಲ್ಲಿ ಮದರಾಸಿನ ವಿಜ್ಞಾನ ಪ್ರಾಧ್ಯಾಪಕ ಪಿ. ಲಕ್ಷ್ಮೀನರಸು ಅವರ ‘ದಿ ಎಸೆನ್ಸ್ ಆಫ್ ಬುದ್ಧಿಸಂ’ ಪ್ರಕಟವಾಯಿತು. ಬುದ್ಧಧರ್ಮವನ್ನು ಪವಾಡಗಳ ಆಧಾರದ ಮೇಲಲ್ಲದೆ ವಿಚಾರ ಮತ್ತು ನೀತಿಯ ಆಧಾರದ ಮೇಲೆ ವಿವರಿಸಿದ ಆ ಗ್ರಂಥದ 1948ರ ಮೂರನೆಯ ಮುದ್ರಣಕ್ಕೆ ಡಾ. ಬಿ. ಆರ್. ಅಂಬೇಡ್ಕರ್ ಅವರು ಮುನ್ನುಡಿ ಬರೆದರು. ಎಂಟು ವರ್ಷಗಳ ತರುವಾಯ, 1956ರ ಅಕ್ಟೋಬರ್ 14ರಂದು, ಅಂಬೇಡ್ಕರ್ ಅವರು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು. ಲಕ್ಷ್ಮೀನರಸು ಅವರು 1922ರಲ್ಲಿ ಜಾತಿಯನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು.

ಅನಾತ್ಮತತ್ತ್ವಕ್ಕೂ ಜಾತಿಪ್ರಶ್ನೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ನೇರವಾಗಿದೆ. ಮನುಷ್ಯನು ಕಾರಣಗಳಿಂದಾದ ಸ್ಕಂಧಗಳ ಪ್ರವಾಹವಾಗಿದ್ದರೆ, ಹುಟ್ಟಿನಿಂದ ಸಾವಿನವರೆಗೆ ಬದಲಾಗದೆ ನಿಲ್ಲುವ ಜಾತಿಯೆಂಬುದಕ್ಕೆ ಅವನಲ್ಲಿ ನೆಲೆ ಎಲ್ಲಿದೆ? ‘ಅಸ್ಸಲಾಯನ ಸುತ್ತ’ದಲ್ಲಿ ಬುದ್ಧನು ಇದನ್ನು ಬೆಂಕಿಯ ಉದಾಹರಣೆಯಿಂದ ವಿವರಿಸುತ್ತಾನೆ. ಯಾವ ಕುಲದವನು ಯಾವ ಕಟ್ಟಿಗೆಯಿಂದ ಹೊತ್ತಿಸಿದರೂ ಬೆಂಕಿಗೆ ಒಂದೇ ಬಗೆಯ ಜ್ವಾಲೆ, ಒಂದೇ ಬಗೆಯ ಬೆಳಕು. ಶಾಕ್ಯ ರಾಜಕುಮಾರರಿಗಿಂತ ಮೊದಲು ಕ್ಷೌರಿಕ ಉಪಾಲಿಗೆ ದೀಕ್ಷೆ ದೊರೆಯಿತೆಂಬ ಕಥೆಯೂ ಇದನ್ನೇ ಸೂಚಿಸುತ್ತದೆ. ಜಾತಿಯ ಹೆಮ್ಮೆಯನ್ನು ಧರ್ಮಕೀರ್ತಿಯು ಜಡಬುದ್ಧಿಯ ಐದು ಲಕ್ಷಣಗಳಲ್ಲಿ ಒಂದೆಂದು ಎಣಿಸಿದ್ದಾನೆ. ನ್ಯಾಯದ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಬ್ರಾಹ್ಮಣ್ಯವು ನಿತ್ಯವಾದ ಜಾತಿಯೆಂಬ ವಾದವನ್ನು ಪ್ರಭಾಚಂದ್ರನಂಥ ಜೈನ ತಾರ್ಕಿಕರೂ ಖಂಡಿಸಿದ್ದಾರೆ. ಕ್ಷಣಿಕವಾದದಲ್ಲಿ ಕಾದಾಡಿದ ಎರಡು ದರ್ಶನಗಳು ಈ ವಿಷಯದಲ್ಲಿ ಒಂದೇ ಕಡೆ ನಿಂತಿದ್ದವು. ನಮ್ಮ ಪೂರ್ವಪಕ್ಷದ ಓದಿನಲ್ಲಿ ಕಳೆದುಹೋದದ್ದು ಮುಖ್ಯವಾಗಿ ಈ ಸಾಮ್ಯ.

ಈ ಚಳವಳಿಯು ಕನ್ನಡ ನಾಡನ್ನು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಗಳ ಮೂಲಕ. ಗಣಿಗಳಲ್ಲಿ ದುಡಿಯಲು ಬಂದ ತಮಿಳು ಕಾರ್ಮಿಕರಲ್ಲಿ ಬೌದ್ಧ ಸಂಘದ ಶಾಖೆ ಬೆಳೆಯಿತು. 1914ರಲ್ಲಿ ಅಯೋತ್ತಿದಾಸರು ನಿಧನರಾದ ಅನಂತರ ಅವರ ಬರಹಗಳು ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಶಾಲೆಯಿಂದ ಹೊರಬಂದವು. ಡಂಬಳದ ವಿಹಾರದ ತರುವಾಯ ಕನ್ನಡ ನೆಲದಲ್ಲಿ ಬೌದ್ಧರು ತಮ್ಮ ಮಾತನ್ನು ತಾವೇ ಹೇಳಿದ ಮಹತ್ವದ ಸಂದರ್ಭಗಳಲ್ಲಿ ಇದೂ ಒಂದು. ಅದು ತಮಿಳಿನಲ್ಲಿದ್ದ ಕಾರಣ ಕನ್ನಡ ಸಾಹಿತ್ಯ ಚರಿತ್ರೆಯ ಗಮನಕ್ಕೆ ಬರಲಿಲ್ಲ. ಕನ್ನಡದಲ್ಲಿ ಜಿ. ಪಿ. ರಾಜರತ್ನಂ ಅವರು ಪಾಲಿಯನ್ನು ಕಲಿತು ಬೌದ್ಧ ವಾಙ್ಮಯವನ್ನು ತಂದುದು, ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನು ರಚಿಸಿದುದು ಈ ಕೊರತೆಯನ್ನು ಬೇರೊಂದು ದಿಕ್ಕಿನಿಂದ ತುಂಬಿದ ಪ್ರಯತ್ನಗಳು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಹಳಗನ್ನಡ ಕೃತಿಗಳನ್ನು ಬಳಸುವ ಸಂಶೋಧಕರಿಗೆ ಮೂರು ಎಚ್ಚರಿಕೆಗಳು ಒದಗುತ್ತವೆ. ಮೊದಲನೆಯದಾಗಿ, ಕಾವ್ಯದಲ್ಲಿ ಬರುವ ಬೌದ್ಧಮತದ ನಿರೂಪಣೆಯನ್ನು ಉದ್ಧರಿಸುವಾಗ ಅದು ಯಾರ ಬಾಯಿಂದ, ಯಾವ ಖಂಡನೆಗಾಗಿ ಬಂದಿದೆಯೆಂಬುದನ್ನು ಜೊತೆಯಲ್ಲಿಯೇ ಹೇಳಬೇಕು. ಎರಡನೆಯದಾಗಿ, ಸೂತ್ರಗಳ ಅನಿತ್ಯವನ್ನೂ ತಾರ್ಕಿಕರ ಕ್ಷಣಭಂಗವನ್ನೂ, ಶೂನ್ಯತೆಯನ್ನೂ ಅಭಾವವನ್ನೂ ಒಂದೆಂದು ಬಗೆಯಬಾರದು. ಮೂರನೆಯದಾಗಿ, ಒಂದು ಧರ್ಮದ ತತ್ತ್ವವನ್ನು ಅದರ ಆಚಾರದಿಂದ ಬೇರ್ಪಡಿಸಬಾರದು. ಪಂಚಶೀಲ, ಮೈತ್ರಿ, ಜಾತಿಯ ನಿರಾಕರಣೆ ಇವು ಅನಾತ್ಮವಾದಕ್ಕೆ ಹೊರಗಿನಿಂದ ಅಂಟಿಸಿದವಲ್ಲ, ಅದರ ಫಲಗಳು.

ಬ್ರಹ್ಮಶಿವನಂಥ ಕವಿಯ ಮಹತ್ವವು ಇದರಿಂದ ಕುಂದುವುದಿಲ್ಲ. ಎದುರಾಳಿಯ ಮಾತನ್ನು ಕೇಳಿಸಿಕೊಂಡ ಮೇಲೆ ವಾದಿಯ ಮಾತಿಗೆ ಅರ್ಥ ಹೆಚ್ಚುತ್ತದೆ. ರಾಯಪೇಟೆಯಲ್ಲಿ ಸೇರಿದವರೂ ಕೋಲಾರದ ಗಣಿಗಳಲ್ಲಿ ದುಡಿದವರೂ ಆ ಎದುರಾಳಿಯ ಮಾತನ್ನು ತಮ್ಮ ಬಾಳಿನ ಮಾತನ್ನಾಗಿ ಮಾಡಿಕೊಂಡರು. ಅವರ ಪತ್ರಿಕೆ, ಪುಸ್ತಿಕೆಗಳನ್ನು ಕನ್ನಡದ ಆಕರಗಳೊಡನೆ ಇಟ್ಟು ಓದುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಎರಡೂ ಭಾಷೆಗಳನ್ನು ಬಲ್ಲ, ರಾಜ್ಯದ ಹೊರಗಿರುವ ಸಂಶೋಧಕರೇ ಅದಕ್ಕೆ ಹೆಚ್ಚು ಅರ್ಹರು.